ಅತ್ತಿಗೆಯ ಕೋಟೆಗೆ ಹಿಂಬದಿಯ ಮೆಟ್ಟಿಲು

ಮೈದುನ ತನ್ನ ಸಾಹೇಬರನ್ನು ಅತ್ತಿಗೆಯ ಮನೆಗೆ ಕರೆತಂದು, ಇದ್ದುದರಲ್ಲೇ ಗಟ್ಟಿಯಾದ ಕುರ್ಚಿಯಲ್ಲಿ ಕೂರಿಸಿ, ತಾನೇ ಅಡುಗೆಮನೆಗೆ ಹೋಗಿ ಚಹಾ ಮಾಡಿ ತಂದುಕೊಟ್ಟು, "ನಮ್ಮ ಅತ್ತಿಗೆ ಅಂದ್ರೆ ಈಗಲೂ ಅದೇ ಅಚ್ಚುಕಟ್ಟು ಸಾರ್, ಕೆಲಸ ಬಿಟ್ರೆ ಬೇರೆ ಮಾತೇ ಇಲ್ಲ" ಎಂದು ಹೇಳಿ ಮುಗಿಸುವಷ್ಟರಲ್ಲಿ, ಒಳಗಿನ ಕೋಣೆಯಿಂದ ಅತ್ತಿಗೆಯ ದನಿ ಸ್ಪಷ್ಟವಾಗಿ ಕೇಳಿಸಿತು.

"ಹೆಣಗಳನ್ನ ಅಡುಗೆಮನೆ ಪಕ್ಕ ಇಡೋದು ಬೇಡ, ವಾಸನೆ ಬರುತ್ತೆ. ನೆಲಮಾಳಿಗೆಗೆ ಇಳಿಸಿಬಿಡೋಣ. ಗೋಡೆಗೆ ಒತ್ತರಿಸಿದ್ರೆ ಎಂಟು ಹಿಡಿಸುತ್ತೆ."

ಸಾಹೇಬರ ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲಿ ಅದ್ದಿದ್ದು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಅದರ ಕೆಳಗಿನ ಅರ್ಧ ಕಳಚಿ ತಳ ಸೇರಿತು.

"ಫೋನಲ್ಲಿ ಮಾತಾಡ್ತಾ ಇದ್ದಾರೆ" ಎಂದ ಮೈದುನ, ಹಾಗೆಂದರೆ ವಿಷಯ ಸುಧಾರಿಸುತ್ತದೆ ಎಂಬಂತೆ.

"ಯಾರ ಹತ್ರ?"

"ಹಲ್ಲಿನ ಡಾಕ್ಟ್ರ ಹತ್ರ ಸಾರ್."

ಅದು ನಿಜವೇ ಆಗಿತ್ತು. ನಿಜ ಹೇಳಿದರೆ ಮಾನ ಉಳಿಯುತ್ತದೆ ಎಂದವರು ಇಂಥ ಸಂದರ್ಭವನ್ನು ನೋಡಿರಲಿಕ್ಕಿಲ್ಲ. ಮೈದುನನ ಕಿವಿಗಳು ಕೆಂಪಾದವು. ಆದರೆ ಸಾಹೇಬರು ಮೂವತ್ತು ವರ್ಷದಿಂದ ಕಟ್ಟಡ ಕಟ್ಟಿ ಮಾರುತ್ತ ಬಂದವರು. ಗಾಬರಿ ಇಳಿದ ಮೇಲೆ ಅವರಿಗೆ ಉಳಿದದ್ದು ಕಸುಬಿನ ಕುತೂಹಲ ಒಂದೇ.

"ಎಂಟು ಹಿಡಿಸಬೇಕಂದ್ರೆ ಅಗಲ ಎಷ್ಟಿರಬೇಕು?" ಎಂದು ಅವರು ತಗ್ಗಿದ ದನಿಯಲ್ಲಿ ಕೇಳಿದರು.

ಅತ್ತಿಗೆಯ ಕಸುಬನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ಮೈದುನನಿಗೆ ನಾಲ್ಕು ವರ್ಷದಿಂದಲೂ ಸಾಧ್ಯವಾಗಿರಲಿಲ್ಲ. ಲೋಕದಲ್ಲಿ ಕೆಲವರು ವಾರಕ್ಕೊಮ್ಮೆ ಮೇಜಿನ ಸುತ್ತ ಕೂತು, ನಾನು ಕತ್ತಿವೀರ, ನಾನು ಮಾಟಗಾತಿ, ನಾನು ಕಳ್ಳ ಎಂದು ತಲೆಗೊಂದು ವೇಷ ಹೇಳಿಕೊಂಡು, ದಾಳ ಹಾಕುತ್ತ ಒಂದು ಕಥೆಯನ್ನು ಆಡುತ್ತಾರೆ. ವಯಸ್ಸಾದವರೇ ಆಡುತ್ತಾರೆ, ಮಕ್ಕಳು ಮನೆಯಲ್ಲಿ ಇಲ್ಲದಾಗ. ಕಥೆ ನಡೆಯುವ ಗುಹೆಯೋ ಸೆರೆಮನೆಯೋ ಹೆಂಡದಂಗಡಿಯೋ ಮೇಜಿನ ಮೇಲೆ ಕಾಣಬೇಕು. ಮೊದಲು ಕಾಗದದ ಮೇಲೆ ಗೀಚಿಕೊಳ್ಳುತ್ತಿದ್ದರು, ಈಗ ಪರದೆಯ ಮೇಲೆ ಚೌಕ ಚೌಕದ ಚಿತ್ರಗಳನ್ನು ಜೋಡಿಸಿಕೊಳ್ಳುತ್ತಾರೆ. ಆ ಒಂದೊಂದು ಚೌಕಕ್ಕೆ ಟೈಲ್ ಎಂದು ಹೆಸರು. ಮನೆಯ ಚಾವಣಿ ಎತ್ತಿಟ್ಟು ಮೇಲಿನಿಂದ ಇಣುಕಿದರೆ ಹೇಗೆ ಕಾಣುತ್ತದೋ ಹಾಗೆ ಬರೆಯಬೇಕು. ಯಾವ ಟೈಲನ್ನು ಯಾವುದರ ಪಕ್ಕ ಇಟ್ಟರೂ ಬಾಗಿಲಿಗೆ ಬಾಗಿಲು, ಗೋಡೆಗೆ ಗೋಡೆ ಕೂಡಬೇಕು. ಅತ್ತಿಗೆ ಬರೆದವು ಕೂಡುತ್ತಿದ್ದವು. ನೆಂಟರಿಷ್ಟರಲ್ಲಿ ಎಂದೂ ಕಾಣದ ಹೊಂದಾಣಿಕೆ ಅದು.

ಇಷ್ಟೆಲ್ಲ ಹೇಳಿದ ಮೇಲೂ ಕೇಳಿದವರು, "ಅಂದ್ರೆ ಏನು ಕೆಲಸ ಮಾಡ್ತಾರೆ?" ಎನ್ನುತ್ತಿದ್ದರು. ಹೀಗಾಗಿ ಮೈದುನ "ಮನೇಲೇ ಇದ್ದಾರೆ" ಎನ್ನುವುದನ್ನು ರೂಢಿ ಮಾಡಿಕೊಂಡಿದ್ದ.

ಅತ್ತಿಗೆ ಹೊರಗೆ ಬಂದಳು. ಐವತ್ತರ ಅಂಚು, ಹಣೆಯ ಮೇಲಕ್ಕೇರಿಸಿದ ಕನ್ನಡಕ, ಕಿವಿಯ ಹಿಂದೆ ಪೆನ್ಸಿಲು. ಪೆನ್ಸಿಲು ಹಿಡಿದು ಬರೆಯುವುದನ್ನು ಬಿಟ್ಟು ವರ್ಷಗಳಾಗಿದ್ದರೂ ಕಿವಿಗೆ ಅದನ್ನು ಯಾರೂ ತಿಳಿಸಿರಲಿಲ್ಲ.

"ನಮಸ್ಕಾರ. ಚೆನ್ನಾಗಿದ್ದೀರಾ ಸಾರ್? ಲೋಟದಲ್ಲಿ ಬಿಸ್ಕತ್ತು ಬಿದ್ದಿದೆ. ಚಮಚ ತರಲಾ?"

ಸಾಹೇಬರು ಬಂದಿದ್ದ ಕಾರಣ ಸರಳವಾಗಿತ್ತು. ಅತ್ತಿಗೆ ಅವರ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಕಟ್ಟಡದ ನಕ್ಷೆ ಬರೆದವಳು. ಆ ಕಚೇರಿಯಲ್ಲಿ ಪ್ರತಿ ಕಟ್ಟಡಕ್ಕೂ ಎರಡು ನಕ್ಷೆ. ಒಂದು ಪುರಸಭೆಗೆ: ಅದರಲ್ಲಿ ಸುತ್ತ ಬಿಡಬೇಕಾದ ಜಾಗ, ಗಾಳಿ, ಬೆಳಕು, ಬೆಂಕಿ ಬಿದ್ದರೆ ಇಳಿದು ಓಡಲು ಹಿಂಬದಿಯಲ್ಲಿ ಇನ್ನೊಂದು ಮೆಟ್ಟಿಲು, ಎಲ್ಲ ಇರುತ್ತಿದ್ದವು. ಇನ್ನೊಂದು ಮೇಸ್ತ್ರಿಗೆ: ಅದರಲ್ಲಿ ಇವು ಯಾವುವೂ ಇರುತ್ತಿರಲಿಲ್ಲ. ಮೊದಲನೆಯದನ್ನು ಹೊತ್ತು ಪುರಸಭೆಯ ಮೇಜಿನಿಂದ ಮೇಜಿಗೆ ಓಡಾಡಿ ಪಾಸು ಮಾಡಿಸಿಕೊಂಡು ಬರುವುದು ಮೈದುನನ ಕೆಲಸ. ಎರಡನ್ನೂ ಬರೆಯುವುದು ಅತ್ತಿಗೆಯ ಕೆಲಸ. ಈಗ ಕಂಪ್ಯೂಟರಿನ ಮುಂದೆ ಕೂತಿರುವ ಹೊಸಬರು ಚೆಂದವಾಗಿಯೇ ಬರೆಯುತ್ತಿದ್ದರು, ಆದರೆ ಅವರಿಗೆ ಕಾಲೇಜಿನಲ್ಲಿ ಒಂದೇ ನಕ್ಷೆ ಬರೆಯಲು ಕಲಿಸಿದ್ದರು. ಹಳೆಯ ಕಟ್ಟಡಗಳಲ್ಲಿ ಯಾವುದು ಯಾವ ನಕ್ಷೆಯ ಪ್ರಕಾರ ಎದ್ದು ನಿಂತಿದೆ ಎಂಬುದು ಅತ್ತಿಗೆಯ ತಲೆಯಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಮೈದುನ ಬಂದಿದ್ದಕ್ಕೂ ಒಂದು ಕಾರಣವಿತ್ತು. ಕಚೇರಿಯಲ್ಲಿ ಅವನ ಮೇಜು ಮೆಟ್ಟಿಲ ಕೆಳಗಿತ್ತು. ಹನ್ನೊಂದು ವರ್ಷದಿಂದ ಅಲ್ಲೇ ಕೂತು, ತಲೆಯ ಮೇಲೆ ಹತ್ತಿಳಿಯುವ ಚಪ್ಪಲಿಯ ಸದ್ದಿನಿಂದಲೇ ಇಂಥವರು ಎಂದು ಹೇಳುವಷ್ಟು ಪರಿಣತನಾಗಿದ್ದ. ಎದ್ದು ನಿಲ್ಲುವಾಗ ಮೊದಲು ಬಲಕ್ಕೆ ಬಾಗಿ ಆಮೇಲೆ ಏಳುವುದು ರೂಢಿಯಾಗಿ, ಮನೆಯಲ್ಲೂ ಹಾಗೇ ಏಳುತ್ತಿದ್ದ. "ನಿಮ್ಮ ಅತ್ತಿಗೇನ ವಾಪಸ್ ಕರ್ಕೊಂಡು ಬಾ. ಮೇಲಿನ ಮಹಡಿಯ ಕಿಟಕಿ ಇರೋ ರೂಮು ನಿನಗೆ" ಎಂದಿದ್ದರು ಸಾಹೇಬರು. "ಬಂದ್ರು ಅಂತ ತಿಳ್ಕೊಳಿ ಸಾರ್" ಎಂದು ಇವನು ಮಾತು ಕೊಟ್ಟುಬಿಟ್ಟಿದ್ದ. ಕೊಟ್ಟ ಮೇಲೆ ಆ ಕಿಟಕಿಗೆ ಒಂದು ಪರದೆಯನ್ನೂ ನೋಡಿಟ್ಟಿದ್ದ, ತಿಳಿ ನೀಲಿ ಬಣ್ಣದ್ದು.

ಸಾಹೇಬರ ಮಾತನ್ನು ಅತ್ತಿಗೆ ಪೂರ್ತಿ ಕೇಳಿದಳು. ಆಮೇಲೆ, "ಈಗ ಕೈಯಲ್ಲಿ ಒಂದು ಕೋಟೆ ಇದೆ ಸಾರ್. ನಲವತ್ತೆಂಟು ಟೈಲು. ಇಂಥ ಆಟ ಮಾರೋ ಒಂದು ಕಂಪನಿಗೆ ಕಳಿಸಿದ್ದೀನಿ. ಒಪ್ಪಿದ್ರೆ ಒಂದು ವರ್ಷದ ಕೆಲಸ ಕೊಡ್ತಾರೆ. ವಾಪಸ್ ಬಂದ್ರೆ ಸೋಮವಾರ ನಿಮ್ಮಲ್ಲಿಗೆ ಬರ್ತೀನಿ" ಎಂದಳು.

"ಕೋಟೆ ವಾಪಸ್ ಬರಲಿ ಅಂತ ಹಾರೈಸ್ತೀನಿ" ಎಂದರು ಸಾಹೇಬರು, ಒಳ್ಳೆಯ ಮನಸ್ಸಿನಿಂದಲೇ.

ಅತ್ತಿಗೆ ಆ ಕಚೇರಿ ಬಿಟ್ಟ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿರುವವರು ಯಾರೂ ಅವಳ ಎದುರಿಗೆ ಹೇಳುತ್ತಿರಲಿಲ್ಲ, ನಗು ತಡೆಯುವುದು ಕಷ್ಟ ಎಂದು. ನಾಲ್ಕು ವರ್ಷದ ಹಿಂದೆ ಅವಳು ಹುಷಾರಿಲ್ಲದ ಗೆಳತಿಯೊಬ್ಬಳನ್ನು ನೋಡಲು ಐದನೆಯ ಮಹಡಿಯ ಮನೆಗೆ ಹೋಗಿದ್ದಳು. ಆ ಕಟ್ಟಡದ ನಕ್ಷೆ ಅವಳೇ ಬರೆದದ್ದು. ಹೊರಟು ನಿಂತಾಗ ಲಿಫ್ಟು ಕೆಟ್ಟಿತ್ತು, ಮುಂದಿನ ಮೆಟ್ಟಿಲಲ್ಲಿ ಯಾರೋ ಬೀರು ಇಳಿಸುತ್ತ ಸಿಕ್ಕಿಹಾಕಿಕೊಂಡಿದ್ದರು. ದಾರಿ ಕಾಯುತ್ತ ನಿಂತಿದ್ದ ಏಳೆಂಟು ಜನಕ್ಕೆ ಅತ್ತಿಗೆ, "ಬನ್ನಿ, ಹಿಂದೆ ಇನ್ನೊಂದು ಮೆಟ್ಟಿಲಿದೆ, ನನಗೆ ಗೊತ್ತು" ಎಂದು ಧೈರ್ಯ ಹೇಳಿ, ಮುಂದಾಳಾಗಿ ನಡೆದು, ಕಾರಿಡಾರಿನ ಕೊನೆಯ ಬಾಗಿಲನ್ನು ಧಡಾರನೆ ತೆರೆದಳು. ಒಳಗೆ ಒಬ್ಬ ಗೃಹಸ್ಥರು ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದರು. ಮುಖ ಬಿಟ್ಟರೆ ಅವರ ಮೈಮೇಲೆ ಬೇರೆಲ್ಲೂ ಏನೂ ಇರಲಿಲ್ಲ.

"ಕ್ಷಮಿಸಿ, ಇಲ್ಲೊಂದು ಮೆಟ್ಟಿಲಿತ್ತು" ಎಂದಳಂತೆ ಅತ್ತಿಗೆ.

"ಯಾವಾಗ?" ಎಂದರಂತೆ ಅವರು, ಕಣ್ಣು ಮುಚ್ಚಿಕೊಂಡೇ.

ಹತ್ತೊಂಬತ್ತು ವರ್ಷ ಎರಡೆರಡು ನಕ್ಷೆ ಬರೆದವಳ ತಲೆಗೆ ಆ ಹೊತ್ತಿನಲ್ಲಿ ಬಂದದ್ದು ಪಾಸಾದ ನಕ್ಷೆ. ಅವಳ ಬೆನ್ನ ಹಿಂದೆ ನಿಂತಿದ್ದ ಏಳೆಂಟು ಜನ, ಅದರಲ್ಲಿ ಒಬ್ಬಾಕೆ ತುಂಬು ಬಸುರಿ, ಇವಳ ಮುಖವನ್ನೇ ನೋಡುತ್ತಿದ್ದರು. ಮಾರನೆಯ ದಿನ ಅತ್ತಿಗೆ ರಾಜೀನಾಮೆ ಕೊಟ್ಟಳು. ಕಾರಣ ಎಂಬ ಜಾಗದಲ್ಲಿ "ದಾರಿ ತಪ್ಪುತ್ತಿದೆ" ಎಂದು ಬರೆದಿದ್ದಳು. ತಲೆಸುತ್ತಿನ ಕಾಯಿಲೆ ಇರಬೇಕೆಂದು ಕಚೇರಿಯವರು ಒಂದು ಫ್ಲಾಸ್ಕು ಕೊಟ್ಟು ಕಳಿಸಿದರು.

ಟೈಲಿನ ಕೆಲಸ ಶುರುವಾದದ್ದು ಅಣ್ಣನಿಂದ. ಮೈದುನನ ಅಣ್ಣ, ಎಂದರೆ ಅತ್ತಿಗೆಯ ಗಂಡ, ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನು ಯಾರಿಗೆ ಹಲ್ಲು ಮಾಡಿಕೊಡುತ್ತಿದ್ದನೋ ಆ ಹಲ್ಲಿನ ಡಾಕ್ಟರಮ್ಮನಿಗೆ ಈ ಆಟದ ಹುಚ್ಚು. ಒಮ್ಮೆ ಹಲ್ಲಿನ ಡಬ್ಬಿ ಕೊಡಲು ಹೋದ ಅತ್ತಿಗೆ ಅವರ ಮೇಜಿನ ಮೇಲೆ ಒಂದು ಹೆಂಡದಂಗಡಿಯ ನಕ್ಷೆ ನೋಡಿದಳು. ಅಡುಗೆಮನೆಗೆ ಬಾಗಿಲೇ ಇರಲಿಲ್ಲ. "ಊಟ ಹೊರಗೆ ಹೇಗೆ ಬರುತ್ತೆ?" ಎಂದು ಕೇಳಿದಳು. ಡಾಕ್ಟರಮ್ಮ ನಕ್ಷೆಯನ್ನು ಇವಳ ಕಡೆಗೆ ತಿರುಗಿಸಿದರು. ಅತ್ತಿಗೆ ಕಿವಿಯಿಂದ ಪೆನ್ಸಿಲು ತೆಗೆದಳು.

ಅಲ್ಲಿಂದ ಮುಂದೆ ಅವಳು ಬರೆದ ಪ್ರತಿ ಸೆರೆಮನೆಯ ಕೋಣೆಗೂ ಒಂದು ಕಿಂಡಿ ಇತ್ತು. ಬೆಂಕಿಯುಗುಳುವ ಘಟಸರ್ಪದ ಗುಹೆಗೆ ಹೊಗೆ ಹೋಗಲು ಕೊಳವೆ ಇತ್ತು. ರಾಕ್ಷಸರ ಪಾಳೆಯಕ್ಕೆ ಗಾಳಿ ಬೀಸುವ ದಿಕ್ಕು ನೋಡಿ ನಾಲ್ಕು ಕಕ್ಕಸು ಇದ್ದವು. ಅವಳ ಟೈಲು ಕೊಂಡು ಆಡಿದವರು ಮೊದಲು ನಕ್ಕರು. ಆಮೇಲೆ ಬೇರೆಯವರ ಕೋಟೆಗಳನ್ನು ನೋಡಿ, "ಇಲ್ಲಿ ಯಾರೂ ವಾಸ ಮಾಡೋ ಹಾಗೆ ಕಾಣಲ್ಲ" ಎನ್ನತೊಡಗಿದರು.

ಶುಕ್ರವಾರ ಕಂಪನಿಯ ಪತ್ರ ಬಂತು. ಕೋಟೆ ತುಂಬ ಚೆನ್ನಾಗಿದೆ, ಆದರೆ ಒಂದು ತೊಂದರೆ ಇದೆ. ಆಡಿ ನೋಡಿದವರೆಲ್ಲ ಹಿಂಬದಿಯ ಮೆಟ್ಟಿಲಿನಿಂದ ಇಳಿದು ಹೊರಟುಹೋಗುತ್ತಿದ್ದಾರೆ. ಮೂರು ಗಂಟೆಯ ಆಟ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿದೆ. ಮೆಟ್ಟಿಲು ತೆಗೆದು ಭಾನುವಾರದೊಳಗೆ ಕಳಿಸಿ, ಇಲ್ಲವಾದರೆ ಕ್ಷಮಿಸಿ.

ಅಣ್ಣ ಇದನ್ನು ಫೋನಿನಲ್ಲಿ ಓದಿ ಹೇಳಿದಾಗ ಮೈದುನನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅತ್ತಿಗೆ ಮೆಟ್ಟಿಲು ತೆಗೆಯುವವಳಲ್ಲ. ಉಗುರು ಕಿತ್ತರೂ ತೆಗೆಯುವವಳಲ್ಲ. ಸಂಜೆ ಹೋಗಿ ಕಿಟಕಿ ಪರದೆಯ ಅಳತೆ ಕೊಟ್ಟು ಬಂದ.

ಭಾನುವಾರ ಮಧ್ಯಾಹ್ನ ಅವನು ಅಣ್ಣನ ಮನೆಗೆ ಹೋದದ್ದು ಅತ್ತಿಗೆಗೆ ಸಮಾಧಾನ ಹೇಳುವುದಕ್ಕೆ. ನೋಡಿದರೆ ಊಟದ ಮೇಜಿನ ಮೇಲೆ ಟಿವಿಯನ್ನು ಅಂಗಾತ ಮಲಗಿಸಿದ್ದರು. ಅದರ ಮೇಲೆ ಒಂದು ಗಾಜು, ಗಾಜಿನಡಿಯಲ್ಲಿ ಕೋಟೆ ಬೆಳಗುತ್ತಿತ್ತು. ಹಲ್ಲಿನ ಡಾಕ್ಟರಮ್ಮ ಕಥೆ ನಡೆಸಲು ಸಿದ್ಧರಾಗಿ ಕೂತಿದ್ದರು.

"ಮೆಟ್ಟಿಲು ತೆಗೆದು ಒಂದು ಸಲ ಆಡಿ ನೋಡೋಣ ಅಂತ. ಆಗಲ್ಲ ಅನ್ನೋಕೂ ಮುಂಚೆ ನೋಡಬೇಕಲ್ಲ" ಎಂದಳು ಅತ್ತಿಗೆ. "ಒಬ್ಬರು ಕಮ್ಮಿ ಇದ್ದಾರೆ. ನೀನು ಕೂತ್ಕೋ."

"ನನಗೆ ಇದೆಲ್ಲ ಬರಲ್ಲ ಅತ್ತಿಗೆ."

"ಬರೋಕೇನಿದೆ? ಒಳಗೆ ಹೋಗಬೇಕು, ಕೆಲಸ ಮುಗಿಸ್ಕೊಂಡು ಹೊರಗೆ ಬರಬೇಕು. ಪುರಸಭೆ ಇದ್ದ ಹಾಗೆ."

ಆಟದ ಕಾಯಿಗಳಿಗೆ ಅಣ್ಣ ತನ್ನ ಗಚ್ಚಿನ ಹಲ್ಲುಗಳನ್ನೇ ಕೊಟ್ಟಿದ್ದ. ಮೈದುನನ ಕತ್ತಿವೀರ ಯಾರದೋ ಕೆಳದವಡೆ, ಎರಡು ಹಲ್ಲು ಇರಲಿಲ್ಲ. ಅಣ್ಣ ಮಾಟಗಾರ, ಅವನದು ಒಂದೇ ಒಂದು ದವಡೆಹಲ್ಲು. ಅತ್ತಿಗೆ ಆಡಲಿಲ್ಲ, ಪುಸ್ತಕ ಹಿಡಿದು ಪಕ್ಕದಲ್ಲಿ ಕೂತಳು. ಡಾಕ್ಟರಮ್ಮ ಪ್ರತಿ ಏಟಿಗೂ ಮುಂಚೆ, "ಸ್ವಲ್ಪ ನೋವಾಗುತ್ತೆ" ಎನ್ನುತ್ತಿದ್ದರು. ಅಭ್ಯಾಸಬಲ.

ಹತ್ತು ನಿಮಿಷ ಮೈದುನ ಗಡಿಯಾರ ನೋಡಿಕೊಂಡು ಆಡಿದ. ಹದಿನೈದನೆಯ ನಿಮಿಷಕ್ಕೆ ಅಂಗಿಯ ತೋಳು ಮಡಚಿದ. ಅರ್ಧ ಗಂಟೆಯಾಗುವಷ್ಟರಲ್ಲಿ ಮೂವರು ಕಾವಲುಗಾರರನ್ನು ಉರುಳಿಸಿ, ಒಬ್ಬನಿಗೆ ಲಂಚ ಕೊಟ್ಟು, ರಾಜಮುದ್ರೆಯನ್ನು ಕದ್ದು, ಮೂರನೆಯ ಮಹಡಿಯ ಕಣಜದ ಕೋಣೆ ಸೇರಿದ್ದ. ಲಂಚ ಕೊಟ್ಟ ರೀತಿಯನ್ನು ನೋಡಿ ಡಾಕ್ಟರಮ್ಮ ದಾಳ ಹಾಕುವುದೇ ಬೇಡವೆಂದು ಬಿಟ್ಟುಕೊಟ್ಟಿದ್ದರು.

"ಕೆಳಗೆ ಬೆಂಕಿ ಬಿದ್ದಿದೆ" ಎಂದರು ಡಾಕ್ಟರಮ್ಮ. "ಮೆಟ್ಟಿಲಲ್ಲಿ ಹೊಗೆ ಬರ್ತಾ ಇದೆ."

"ಆ ಕಡೆ ಬಾಗಿಲು?"

"ಅದು ಉಗ್ರಾಣ. ಆಚೆ ದಾರಿ ಇಲ್ಲ."

"ಕಿಟಕಿ?"

"ಕಿಂಡಿ. ಕೈ ತೂರುತ್ತೆ, ತಲೆ ತೂರಲ್ಲ."

"ಇನ್ನೊಂದು ಮೆಟ್ಟಿಲು?"

"ಇಲ್ಲ."

ಮೈದುನ ಎದ್ದು ನಿಂತ, ಬಲಕ್ಕೆ ಬಾಗುವುದನ್ನೂ ಮರೆತು. "ಇಲ್ಲ ಅಂದ್ರೇನು ಮೇಡಂ? ಇಷ್ಟು ದೊಡ್ಡ ಕಟ್ಟಡ! ಮೂರು ಮಹಡಿ! ಜನ ಒಳಗಿದ್ದಾರೆ! ಒಂದೇ ಮೆಟ್ಟಿಲು ಇಟ್ಟು ಕಟ್ಟಿದ ಬುದ್ಧಿಗೇಡಿ ಯಾರು? ಇಂಥ ನಕ್ಷೇನ ಪಾಸು ಮಾಡಿದವನು ಯಾವನು? ಅವನನ್ನ ತಂದು ಇದೇ ಕಣಜದಲ್ಲಿ ಕೂಡಿ ಹಾಕಬೇಕು!"

ಅಣ್ಣ ತನ್ನ ದವಡೆಹಲ್ಲನ್ನು ಎತ್ತಿ, ಊದಿ, ಪುನಃ ಅದೇ ಜಾಗದಲ್ಲಿಟ್ಟ. ಅತ್ತಿಗೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.

"'ಕೂಡಿ ಹಾಕಬೇಕು' ಆದ ಮೇಲೆ ಇನ್ನೇನಾದ್ರೂ ಇದೆಯಾ?" ಎಂದು ಕೇಳಿದಳು.

ಮೈದುನ ಕೂತುಕೊಂಡ. ನೀರು ಕುಡಿದ. ಕತ್ತಿವೀರನ ಕೆಳದವಡೆ ಹೊಗೆಯ ನಡುವೆ ಹಾಗೇ ಕೂತಿತ್ತು, ಎರಡು ಹಲ್ಲಿನ ಜಾಗ ಖಾಲಿ. ಯಾರ ಬಾಯಿಯೋ ಏನೋ, ಅರ್ಧ ಗಂಟೆ ಜೊತೆಗೆ ಓಡಾಡಿದ ಮೇಲೆ ತನ್ನದೇ.

"ಮೆಟ್ಟಿಲು ಇರಬೇಕು ಅತ್ತಿಗೆ" ಎಂದ. "ತೆಗೀಬೇಡಿ."

"ಇದ್ರೆ ಎಲ್ಲಾರೂ ಇಳಿದು ಹೋಗ್ತಾರೆ ಅಂತಾರಲ್ಲ ಕಂಪನಿಯವರು."

ಇಲ್ಲಿ ಮೈದುನ ಸುಮ್ಮನಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಕಸುಬಿನ ಜ್ಞಾನ ಕೆಮ್ಮಿನ ಹಾಗೆ, ಬಂದಾಗ ತಡೆಯಲಾಗದು. "ಅಯ್ಯೋ, ಮೆಟ್ಟಿಲು ಇದ್ದ ಮಾತ್ರಕ್ಕೆ ಇಳಿಯೋಕಾಗುತ್ತಾ? ನಮ್ಮ ಕಟ್ಟಡಗಳಲ್ಲೂ ಹೊಸ ಕಾನೂನು ಬಂದ ಮೇಲೆ ಎರಡು ಮೂರಕ್ಕೆ ಹಿಂಬದಿ ಮೆಟ್ಟಿಲು ಕಟ್ಟಿದ್ದೀವಿ. ಹೋಗಿ ನೋಡಿ! ಮೊದಲನೇ ತಿರುವಲ್ಲಿ ಮುರಿದ ಸೋಫಾ. ಎರಡನೇದರಲ್ಲಿ ಯಾರದೋ ಸೈಕಲ್ಲು, ಒಣಗಿದ ಗಿಡದ ಕುಂಡ ಹನ್ನೆರಡು, ಬಣ್ಣದ ಡಬ್ಬ. ಕೆಳಗೆ ಬಾಗಿಲಿಗೆ ಅಡ್ಡ ಕಾವಲುಗಾರ ಹಾಸಿಗೆ ಹಾಕ್ಕೊಂಡು ಮಲಗಿರ್ತಾನೆ, ಅವನನ್ನ ಎಬ್ಬಿಸೋಕೆ ಅರ್ಧ ಗಂಟೆ ಬೇಕು. ಮೆಟ್ಟಿಲು ಇರಲಿ. ಜನ ಅದನ್ನ ಬಳಸೋಕೆ ಆಗಬಾರದು, ಅಷ್ಟೇ ತಾನೆ? ಅದೇನು ಮಹಾ!"

ಹೇಳಿ ಮುಗಿಸಿ, ಮೆಚ್ಚುಗೆಗಾಗಿ ಸುತ್ತ ನೋಡಿದ. ಡಾಕ್ಟರಮ್ಮ ಕೈ ಚಪ್ಪಾಳೆಗೆ ಎತ್ತಿದ್ದರು. ಅತ್ತಿಗೆ ಆಗಲೇ ಎದ್ದು ಒಳಗಿನ ಕೋಣೆಗೆ ಹೋಗಿಯಾಗಿತ್ತು.

"ಕಿಟಕಿ ಇರೋ ರೂಮಾ ನಿನಗೆ ಕೊಡ್ತೀನಿ ಅಂದಿದ್ದು?" ಎಂದು ಅಣ್ಣ ಕೇಳಿದ. ಅಂದಿನ ಹತ್ತು ಮಾತುಗಳಲ್ಲಿ ಅದೊಂದು. ಮೈದುನನಿಗೆ ಆಗ ತಿಳಿಯಿತು, ಕಲ್ಲು ಬಿದ್ದಿರುವುದು ಯಾರ ಕಾಲ ಮೇಲೆ ಎಂದು.

ಆದರೂ ಆಸೆ ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಸ್ಕೂಟರಿನಲ್ಲಿ ಇನ್ನೊಂದು ಹೆಲ್ಮೆಟ್ಟು ನೇತುಹಾಕಿಕೊಂಡು ಬಂದ. ಅತ್ತಿಗೆ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ಕೋಟೆಯ ಹಿಂಬದಿಯ ಮೆಟ್ಟಿಲು ಕಾಣುತ್ತಿತ್ತು. ಮೊದಲನೆಯ ತಿರುವಿನಲ್ಲಿ ಕಾಲು ಮುರಿದ ಸಿಂಹಾಸನ. ಎರಡನೆಯದರಲ್ಲಿ ರಥದ ಒಂಟಿ ಗಾಲಿ, ತೂತುಬಿದ್ದ ಗುರಾಣಿಗಳು, ಒಣಗಿದ ಗಿಡದ ಕುಂಡ ಹನ್ನೆರಡು. ಎಣಿಸಿ ನೋಡಿದ, ಹನ್ನೆರಡೇ. ಕೆಳಗೆ ಬಾಗಿಲಿಗೆ ಅಡ್ಡವಾಗಿ ಏಳು ಹೆಡೆಯ ಹಾವೊಂದು ಚಾಪೆ ಹಾಸಿಕೊಂಡು ಮಲಗಿತ್ತು. ಪಕ್ಕದಲ್ಲಿ ಅದರ ನೀರಿನ ಬಾಟಲಿ.

"ಓದು" ಎಂದಳು ಅತ್ತಿಗೆ.

ಕಂಪನಿಯವರ ಪತ್ರ ಉದ್ದವಾಗಿತ್ತು. ರಾತ್ರಿಯೇ ಆಡಿ ನೋಡಿದರಂತೆ. ನಾಲ್ಕು ಗಂಟೆ ಕಾಲ ಆಡಿದರೂ ಮುಗಿಯಲಿಲ್ಲವಂತೆ. ದಾರಿ ಕಣ್ಣೆದುರಿಗೇ ಇದ್ದೂ ಇಳಿಯಲಾಗದ ಸಂಕಟವನ್ನು ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲವಂತೆ. ಇದನ್ನು ಕಲ್ಪಿಸಿದ ತಲೆಗೆ ನಮಸ್ಕಾರವಂತೆ. ಕೋಟೆಯನ್ನು ಒಪ್ಪಿದ್ದೇವೆ, ವರ್ಷದ ಕೆಲಸವೂ ನಿಮ್ಮದೇ, ಇಂದಿನಿಂದಲೇ ಶುರು.

ಮೈದುನ ಎರಡು ಸಲ ಓದಿದ. ನಮಸ್ಕಾರ ಬಂದಿರುವುದು ತನ್ನ ತಲೆಗೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಆ ತಲೆಯನ್ನು ಇನ್ನು ಮುಂದೆಯೂ ಮೆಟ್ಟಿಲ ಕೆಳಗೇ ಇಡಬೇಕಾಗುತ್ತದೆ ಎಂಬುದರಲ್ಲೂ ಇರಲಿಲ್ಲ.

"ಒಳ್ಳೇದಾಯ್ತು ಅತ್ತಿಗೆ" ಎಂದ. ಆ ಮಾತು ಹೇಳುವಾಗ ಅದು ನಿಜವೆಂದು ಅವನಿಗೇ ಅನಿಸಿ, ಇನ್ನಷ್ಟು ಬೇಜಾರಾಯಿತು.

"ನಿನ್ನ ಹೆಸರು ಹಾಕಿಸ್ತೀನಿ. ಪರೀಕ್ಷೆ ಮಾಡಿದವರು ಅಂತ."

"ಬೇಡ. ಪುರಸಭೆಯವರು ಯಾರಾದ್ರೂ ಆಡಿಬಿಟ್ಟರೆ ಕಷ್ಟ."

ಅಷ್ಟರಲ್ಲಿ ಅವನ ಜೇಬಿನ ಫೋನು ಗುನುಗಿತು. ಸಾಹೇಬರು. ಗುನುಗಿ ನಿಂತು, ಪುನಃ ಗುನುಗಿತು. ಮೈದುನ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆ ಹೆಲ್ಮೆಟ್ಟನ್ನೂ ಹಿಡಿದುಕೊಂಡು, ಬಾಗಿಲಲ್ಲಿ ನಿಂತ.

"ಅತ್ತಿಗೆ, ಸೋಮವಾರ ಬರ್ತಾರೆ ಅಂತ ಅವರು ಕಾಯ್ತಾ ಕೂತಿದ್ದಾರೆ. ಏನಂತ ಹೇಳಲಿ?"

ಅತ್ತಿಗೆ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ, ಪರದೆಯ ಮೇಲೆ ಹೊಸದೊಂದು ಖಾಲಿ ಚೌಕ ತೆರೆದಳು.

"ಸೋಮವಾರ ಆಗಲ್ಲ, ಇವತ್ತಿಂದ ಜೌಗು ನೆಲ ಇದೆ, ಮೂವತ್ತಾರು ಟೈಲು, ಅನ್ನು. ಅವರಿಗೆ ಅರ್ಥ ಆಗುತ್ತೆ, ಅವರು ಕಟ್ಟೋದೂ ಅದರ ಮೇಲೇ."